ಗೇಟಿನ ಝಡತಿ

ಕಳೆದ ವಾರ ನಮ್ಮ ಓಣಿಗೆ ಗಾದಿ ಹಿಂಜುವವನು ಬಂದಿದ್ದ. ಸೊಸೆ ಮನೆಯಲ್ಲಿದ್ದ ಹಳೆಯ ಗಾದಿ, ದಿಂಬುಗಳನ್ನೆಲ್ಲ ತಂದು ಕಟ್ಟೆಯ ಮೇಲೆ ಹಾಕಿದಳು. ಅವುಗಳ ನಡುವೆ ಅವ್ವನ ತಲೆದಿಂಬೂ ಇತ್ತು. ನಾನು ಬೇಡ ಅನ್ನುವಷ್ಟರಲ್ಲಿ ಅವನು ಅದರ ಹೊಲಿಗೆ ಬಿಚ್ಚಿಬಿಟ್ಟಿದ್ದ. ಮುಗ್ಗಿದ ಅರಳೆಯ ವಾಸನೆ, ಅದರ ಬೆನ್ನಿಗೇ ಹತ್ತಿಕಾಳಿನ ಜಿಡ್ಡು ವಾಸನೆ ಮೂಗಿಗೆ ಬಡಿಯಿತು. ಅವನು ಒಳಗೆ ಕೈಹಾಕಿ ತಡಕಾಡಿ, "ಇದರಾಗಿನ ಅರ್ಧಾ ಅರಳಿ ಎಲ್ಲಿ ಹೋತ್ರಿ ಅಮ್ಮಾರ?" ಎಂದು ಕೇಳಿದ.

ಎಲ್ಲಿ ಹೋಯಿತೆಂದು ನನಗೆ ಗೊತ್ತು. ಆದರೆ ಅದು ಗಾದಿ ಹಿಂಜುವವನಿಗೆ ಹೇಳುವಂಥ ಮಾತಲ್ಲ. ಇಲಿ ಒಯ್ದಿರಬೇಕಪ್ಪಾ ಅಂದೆ. ಒಳಗೆ ಬಂದು ಕೂತವಳಿಗೆ ಝಡತಿ ಬಾಯಿ ನೆನಪಾದಳು...

ಬೆಟಗೇರಿಯಲ್ಲಿ ಇದೇ ನಮ್ಮ ಓಣಿಯ ಬೆನ್ನಿಗೆ ಆಗ ಒಂದು ಹತ್ತಿ ಗಿರಣಿ ಇತ್ತು. ಹತ್ತಿಯಿಂದ ಕಾಳು ಬಿಡಿಸಿ ಅರಳೆ ಮಾಡುವ ಗಿರಣಿ. ಯಂತ್ರಕ್ಕೆ ಹತ್ತಿ ಉಣಿಸುವ ಕೆಲಸ ಹೆಂಗಸರದು. ಸಂಜೆ ಕೆಲಸ ಬಿಡುವ ಭೋಂಗಾ ಕೂಗಿದ ಮೇಲೆ ಅವರೆಲ್ಲ ಗೇಟಿನ ಹತ್ತಿರ ಸಾಲಾಗಿ ನಿಲ್ಲಬೇಕಿತ್ತು. ಅಲ್ಲಿ ಝಡತಿ ತೆಗೆಯುತ್ತಿದ್ದರು, ಅಂದರೆ ಯಾರಾದರೂ ಅರಳೆ ಕದ್ದು ಒಯ್ಯುತ್ತಿದ್ದಾರೆಯೇ ಎಂದು ಮೈ ಹುಡುಕಿ ನೋಡುತ್ತಿದ್ದರು. ಆ ಕೆಲಸಕ್ಕೆ ಮಾಲಕರು ಒಬ್ಬ ಹೆಂಗಸನ್ನು ಇಟ್ಟಿದ್ದರು. ಲಕ್ಷ್ಮೇಶ್ವರದ ಕಡೆಯವಳು. ಅಲ್ಲಿ ಸಂಸ್ಥಾನದ ಕಚೇರಿಯಲ್ಲಿ ಕಾರಕೂನನಾಗಿದ್ದ ಗಂಡ ಸತ್ತ ಮೇಲೆ ಭಾವಮೈದುನರು ಹೊರಗೆ ಹಾಕಿದ್ದರಂತೆ. ಅವಳ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಝಡತಿ ಬಾಯಿ ಎಂದರೆ ಸಾಕಾಗುತ್ತಿತ್ತು. ಸೆರಗು ಝಾಡಿಸಿ, ನಿರಿಗೆ ಕೊಡವಿ, ತುರುಬು ಬಿಚ್ಚಿಸಿ, ಬಾಯಿ ತೆರೆಸಿ ನೋಡಿಯೇ ಅವಳು ಒಬ್ಬೊಬ್ಬರನ್ನು ಹೊರಗೆ ಬಿಡುತ್ತಿದ್ದಳು. ಬಸುರಿಯರ ಹೊಟ್ಟೆಯನ್ನೂ ಒತ್ತಿ ನೋಡುತ್ತಿದ್ದಳು ಎಂದು ಅವ್ವ ಹೇಳುತ್ತಿದ್ದಳು. ಅವ್ವ ಸುಳ್ಳು ಸೇರಿಸಿ ಹೇಳುವವಳಲ್ಲ.

ಒಂದು ಸಂಜೆ ಅವ್ವನ ಕುಪ್ಪಸದೊಳಗೆ ಅರಳೆ ಸಿಕ್ಕಿತು. ಆಗ ನಾನು ಮೊಲೆ ಉಣ್ಣುವ ಕೂಸು. ನನ್ನನ್ನು ಅಜ್ಜಿಯ ಹತ್ತಿರ ಬಿಟ್ಟು ಅವ್ವ ಕೆಲಸಕ್ಕೆ ಹೋಗುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಹಾಲು ತುಂಬಿ ಸೋರಿ ಕುಪ್ಪಸವೆಲ್ಲ ತೊಯ್ಯುತ್ತಿತ್ತು. ಗಂಡಸರ ಮುಂದೆ ಹಾಗೆ ಓಡಾಡಲು ನಾಚಿ, ನೆಲಕ್ಕೆ ಬಿದ್ದ ಅರಳೆಯನ್ನಷ್ಟು ಎದೆಗೆ ಇಟ್ಟುಕೊಂಡಿದ್ದಳು. ಸಂಜೆ ತೆಗೆದು ಎಸೆಯುವುದು ಮರೆತುಹೋಯಿತು. ಝಡತಿ ಬಾಯಿ ಅದನ್ನು ಹೊರಗೆಳೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ಅರಳೆ ಹಾಲಿನಿಂದ ತೊಟ್ಟಿಕ್ಕುತ್ತಿತ್ತು. ಸಾಲಿನಲ್ಲಿ ಅವ್ವನ ಹಿಂದೆ ನಿಂತಿದ್ದವಳು ನಮ್ಮ ಎದುರುಮನೆಯ ಕಾಕವ್ವ. ಅವಳೇ ಮೊದಲು ನಕ್ಕವಳು, "ಅರಳಿ ಕಳ್ಳಿ" ಎಂದು ಮೊದಲು ಅಂದವಳೂ ಅವಳೇ.

ಅವ್ವನ ಕೆಲಸ ಹೋಯಿತು. ಕೆಲಸ ಹೋದದ್ದಕ್ಕೆ ಅವ್ವ ಅಷ್ಟು ಹಲುಬಲಿಲ್ಲ. ಅಪ್ಪನ ಮಗ್ಗಕ್ಕೆ ನೂಲು ಸುತ್ತಿಕೊಡುತ್ತ ಮನೆಯಲ್ಲೇ ಉಳಿದಳು. ಆದರೆ ಆ ಹೆಸರು ಹೋಗಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುತ್ತಾರೆ. ಬೆಟಗೇರಿಯಲ್ಲಿ ಇಟ್ಟ ಹೆಸರೂ ಹಾಗೆಯೇ. ನೀರಿನ ಕೊಡ ಹೊತ್ತು ಹೋದರೆ ಅರಳಿ ಕಳ್ಳಿ ಬಂದಳು, ಕಿರಾಣಿ ಅಂಗಡಿಗೆ ಹೋದರೆ ಅರಳಿ ಕಳ್ಳಿಗೆ ಬೆಲ್ಲ ಕೊಡು. ನಾನು ಸಾಲೆಗೆ ಸೇರಿದ ಮೇಲೆ ಅರಳಿ ಕಳ್ಳಿ ಮಗಳಾದೆ. ಯಾರೂ ಸಿಟ್ಟಿನಿಂದ ಕರೆಯುತ್ತಿರಲಿಲ್ಲ. ಗುರುತಿಗೆ ಕರೆಯುತ್ತಿದ್ದರು, ಅಷ್ಟೇ. ಅವ್ವನಿಗೆ ಇದೇ ಹೆಚ್ಚು ಸುಡುತ್ತಿತ್ತು. ಸಿಟ್ಟಿನ ಮಾತಾದರೆ ತಿರುಗಿಸಿ ಬೈಯಬಹುದಿತ್ತು.

ಸ್ವಾತಂತ್ರ್ಯ ಬಂದ ಹೊತ್ತಿಗೆ ಗಿರಣಿ ಮುಚ್ಚಿತು. ಮಾಲಕರ ಅಣ್ಣತಮ್ಮಂದಿರ ಜಗಳ ಕೋರ್ಟಿಗೆ ಹೋಗಿತ್ತು. ಯಂತ್ರಗಳನ್ನು ಬಿಚ್ಚಿ ರೈಲಿಗೆ ಹೇರಿ ಒಯ್ದರು. ಹೊರಡುವ ಮುಂದೆ ಹಿರಿಯ ಮಾಲಕರು ಝಡತಿ ಬಾಯಿಗೆ ಗೇಟು ನೋಡಿಕೊಂಡಿರಲು ಹೇಳಿ, ತಾವು ಬೇಗ ಬರುವುದಾಗಿ ತಿಳಿಸಿದರಂತೆ. ಅವರು ಬರಲಿಲ್ಲ, ಪಗಾರವೂ ಬರಲಿಲ್ಲ. ಗೇಟಿನ ಪಕ್ಕದ ಕೋಣೆಯಲ್ಲಿ ಅವಳು ಉಳಿದಳು.

ಮರುವರ್ಷ ನಿಜಾಮನ ಸೀಮೆಯಿಂದ ರಜಾಕಾರರ ಹಾವಳಿಗೆ ಹೆದರಿ ಮುಂಡರಗಿಯ ದಾರಿ ಹಿಡಿದು ಜನ ಬಂದರು. ಊರ ಹಿರಿಯರು ಕೆಲವರನ್ನು ಖಾಲಿ ಗಿರಣಿಯಲ್ಲಿ ಇಳಿಸಿದರು. ಗಲಭೆ ಅಡಗಿ ಅವರು ತಿರುಗಿ ಹೊರಟ ದಿನ ಝಡತಿ ಬಾಯಿ ಗೇಟಿಗೆ ಅಡ್ಡ ನಿಂತು ಪ್ರತಿಯೊಬ್ಬರ ಗಂಟು ಬಿಚ್ಚಿಸಿದಳು. ಮನೆ ಮಾರು ಕಳೆದುಕೊಂಡ ಒಬ್ಬ ಮುದುಕಿಯ ಗಂಟಿನಲ್ಲಿ ದೀಪದ ಬತ್ತಿಗೆಂದು ಕೂಡಿಸಿಟ್ಟ ಚಿಟಿಕೆ ಅರಳೆ ಇತ್ತಂತೆ. ಅದನ್ನೂ ಕಸಿದುಕೊಂಡಳು. ಮುದುಕಿ ನೆಲಕ್ಕೆ ಉಗುಳಿ ಹೋದಳು. ಝಡತಿ ಬಾಯಿ ಆ ಚಿಟಿಕೆ ಅರಳೆಯನ್ನು ಒಯ್ದು, ಯಂತ್ರವೂ ಇಲ್ಲದ, ಮಂದಿಯೂ ಇಲ್ಲದ ಗೋದಾಮಿನ ನಡುವೆ ಇಟ್ಟು ಬಂದಳು.

ಆಮೇಲೆ ಗಿರಣಿಯನ್ನು ಊರು ತಿನ್ನತೊಡಗಿತು. ಮೊದಲು ಛಾವಣಿಯ ತಗಡು, ಆಮೇಲೆ ಬಾಗಿಲು, ತೊಲೆ, ಕಡೆಗೆ ಇಟ್ಟಿಗೆ. ಹಿಂದಿನ ಗೋಡೆಯಲ್ಲಿ ಎತ್ತಿನ ಗಾಡಿ ಹೋಗುವಷ್ಟು ದಾರಿಯಾಗಿತ್ತು. ಝಡತಿ ಬಾಯಿ ಮಾತ್ರ ಮುಂದಿನ ಗೇಟಿಗೆ ಕೀಲಿ ಹಾಕಿ ಕೂತಿರುತ್ತಿದ್ದಳು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಆ ಮಾತು ಇವಳಿಗೇ ಹೇಳಿದಂತಿತ್ತು. ನಮ್ಮ ಓಣಿಯ ಮಣ್ಣಿನ ಮನೆಗಳೆಲ್ಲ ಇಟ್ಟಿಗೆಯ ಮನೆಗಳಾದವು. ಎದುರುಮನೆಯ ಕಾಕವ್ವನ ಅಡುಗೆಮನೆಗೆ ಗಿರಣಿಯ ಕಬ್ಬಿಣದ ಕಿಟಕಿಯೇ ಬಂತು. ಅಪ್ಪನೂ ಒಂದು ಗಾಡಿ ತರುತ್ತೇನೆ ಎಂದ. ತಂದರೆ ಆ ಮನೆಯಲ್ಲಿ ತಾನು ಇರುವುದಿಲ್ಲ ಎಂದಳು ಅವ್ವ. ಹೀಗೆ ಇಡೀ ಓಣಿಯಲ್ಲಿ ಗಿರಣಿಯ ಒಂದು ಇಟ್ಟಿಗೆಯೂ ಇಲ್ಲದ ಮನೆ ಅರಳಿ ಕಳ್ಳಿಯದೊಂದೇ ಆಗಿತ್ತು. ಯಾರಿಗೂ ಅದು ತಮಾಷೆ ಅನ್ನಿಸಲಿಲ್ಲ.

ಹುಡುಗರು ಝಡತಿ ಬಾಯಿಯನ್ನು ಗೋಳು ಹೊಯ್ದುಕೊಳ್ಳುತ್ತಿದ್ದರು. ಗೇಟಿನ ಮುಂದೆ ಅಂಗಿ ಎತ್ತಿ ಝಡತಿ ತಗೋ ಎಂದು ಕುಣಿಯುತ್ತಿದ್ದರು. ಕೋಣೆಯ ತಗಡನ್ನೂ ಯಾರೋ ಕಿತ್ತೊಯ್ದರು. ಅವಳು ಮೇಲೆ ತಾಡಪತ್ರಿ ಕಟ್ಟಿಕೊಂಡಳು. ಅದನ್ನೂ ಒಯ್ದರು. ಆಗ ಅವ್ವ ಅವಳಿಗೆ ರೊಟ್ಟಿ ಒಯ್ಯತೊಡಗಿದಳು.

ಕರುಣೆಯಿಂದಲ್ಲ. ಇದನ್ನು ನಾನು ಮೊದಲೇ ಹೇಳಿಬಿಡುತ್ತೇನೆ. ಅವ್ವನಿಗೆ ಬೇಕಾಗಿದ್ದದ್ದು ಒಂದೇ. ಆ ಅರಳೆ ಕದ್ದದ್ದಲ್ಲ, ಹಾಲಿಗೆ ಇಟ್ಟುಕೊಂಡದ್ದು ಎಂದು ಝಡತಿ ಬಾಯಿ ತನ್ನ ಬಾಯಿಂದ ನಾಲ್ಕು ಜನರ ಮುಂದೆ ಹೇಳಬೇಕು. ಹೆಸರು ಅಂಟಿಸಿದವಳೇ ಕೀಳಬೇಕು, ಬೇರೆ ಯಾರು ಹೇಳಿದರೂ ಊರು ಕೇಳುವುದಿಲ್ಲ ಎಂದು ಅವ್ವ ನಂಬಿದ್ದಳು. ಉಂಡ ಬಾಯಿ ಒಂದಿಲ್ಲೊಂದು ದಿನ ಆಡಿಯೇ ಆಡುತ್ತದೆ ಎನ್ನುತ್ತಿದ್ದಳು.

ನಾನೂ ಅವ್ವನ ಜೊತೆ ಹೋಗುತ್ತಿದ್ದೆ. ಝಡತಿ ಬಾಯಿ ರೊಟ್ಟಿ, ಶೇಂಗಾ ಚಟ್ನಿ ಉಂಡು, ತಾಟು ತೊಳೆದು ಕೊಟ್ಟು, ಗೇಟಿನ ಕೀಲಿ ತೆಗೆಯುತ್ತಿದ್ದಳು. ನಾವು ಹೊರಗೆ ಕಾಲಿಡುವ ಮೊದಲು ಕೈ ಅಡ್ಡ ಹಿಡಿಯುತ್ತಿದ್ದಳು. ತನಗೆ ಉಣ್ಣಲು ತಂದವಳ ಸೆರಗು ಝಾಡಿಸಿ, ನಿರಿಗೆ ಕೊಡವಿ ನೋಡುತ್ತಿದ್ದಳು! ನನ್ನ ಲಂಗವನ್ನೂ ಬಿಡುತ್ತಿರಲಿಲ್ಲ. ಅವ್ವ ಹಲ್ಲು ಕಚ್ಚಿ ನಿಲ್ಲುತ್ತಿದ್ದಳು. ಒಂದು ದಿನ ಹಾಗೆ ನಿಂತಲ್ಲೇ ಕೇಳಿದಳು.

"ಬಾಯಾರ, ಈಕಿ ಕಳ್ಳಿ ಅಲ್ಲ ಅಂತ ಒಮ್ಮೆ ಮಂದಿ ಮುಂದ ಹೇಳ್ರಿ. ಮತ್ತೇನೂ ಬ್ಯಾಡ ನನಗ."

ಝಡತಿ ಬಾಯಿ ನಿರಿಗೆ ಬಿಟ್ಟು ಅವ್ವನ ಮುಖ ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಸಿಕ್ಕದ್ದು ಸಿಕ್ಕಿತ್ತವ್ವಾ. ಹಾಲಿಗಿಟ್ರೂ ಅರಳಿ ಅರಳೀನ."

ಅಂದಿನಿಂದ ಅವ್ವ ರೊಟ್ಟಿ ಒಯ್ಯುವುದು ನಿಲ್ಲಿಸುತ್ತಾಳೆ ಎಂದುಕೊಂಡೆ. ನಿಲ್ಲಿಸಲಿಲ್ಲ. ಝಡತಿ ಬಾಯಿ ಹಾಸಿಗೆ ಹಿಡಿದ ಮೇಲೆ ದಿನವೂ ಗಂಜಿ ಒಯ್ದಳು, ಮೈ ಒರೆಸಿದಳು, ಹೊಲಸು ಬಳಿದು ಚೆಲ್ಲಿದಳು. ಕಿವಿಯ ಹತ್ತಿರ ಬಾಗಿ ಒಮ್ಮೆ ಹೇಳಿರೆಂದು ಕೇಳುತ್ತಲೇ ಇದ್ದಳು. ಓಣಿಯ ಜನಕ್ಕೆ ಇದೆಲ್ಲ ಗೊತ್ತಿರಲಿಲ್ಲ. ಅವರು ಹೊಗಳಿದ್ದೇ ಹೊಗಳಿದ್ದು. ಅರಳಿ ಕಳ್ಳಿಯ ಮನಸ್ಸು ದೊಡ್ಡದು ನೋಡು ಅಂದರು... ಹೊಗಳುವಾಗಲೂ ಆ ಹೆಸರು ಬಿಡಲಿಲ್ಲ.

ಕನ್ನಡ ನಾಡು ಒಂದಾಯಿತೆಂದು ಊರಲ್ಲೆಲ್ಲ ಮೆರವಣಿಗೆ ಇದ್ದ ದಿನ ಝಡತಿ ಬಾಯಿ ಸತ್ತಳು. ಮುಂಬಯಿ ಸರಕಾರದ ನಾವು, ನಿಜಾಮನ ಸೀಮೆಯವರು, ಮೈಸೂರಿನವರು ಎಲ್ಲ ಇನ್ನು ಒಂದೇ ಮನೆಯವರು ಎಂದು ಸಾಲೆಯಲ್ಲಿ ಮಾಸ್ತರರು ಹೇಳಿ ಕೈಗೊಂದು ಪೇಡೆ ಕೊಟ್ಟಿದ್ದರು. ಅದನ್ನು ನೆಕ್ಕುತ್ತ ಬಂದರೆ ಗೇಟಿನ ಒಳಗೆ ಹೆಂಗಸರು ಸೇರಿದ್ದರು. ಗಂಡಸರು ಮೆರವಣಿಗೆ ಮುಗಿಸಿ ಬರುವವರೆಗೆ ಹೆಣ ಕಾಯಬೇಕಿತ್ತು. ಮೂಗಿಗೆ ಇಡಲು ಅರಳೆ ಬೇಕು ಎಂದರು ಯಾರೋ. ಅಷ್ಟು ದೊಡ್ಡ ಗಿರಣಿಯಲ್ಲಿ ಮೂಗಿಗೆ ಇಡುವಷ್ಟೂ ಅರಳೆ ಉಳಿದಿರಲಿಲ್ಲ. ಅವ್ವ ನನ್ನನ್ನು ಕರೆದುಕೊಂಡು ಮನೆಗೆ ಬಂದು, ತನ್ನ ತಲೆದಿಂಬಿನ ಹೊಲಿಗೆ ಕಿತ್ತು, ಒಳಗಿನ ಅರ್ಧ ಅರಳೆಯನ್ನು ಸೆರಗಿಗೆ ಹಾಕಿಕೊಂಡಳು. ಮೂಗಿಗೆ ಇಷ್ಟು ಯಾಕೆ ಎಂದು ಕೇಳಿದೆ. ಅವ್ವ ಸೆರಗು ಬಿಗಿದುಕೊಂಡು ಹೊರಟಳು.

ಉಳಿದವರು ಹೂವು, ನೀರು ಎಂದು ಹೊರಗಿದ್ದಾಗ ಅವ್ವ ಹೆಣಕ್ಕೆ ಕುಪ್ಪಸ ತೊಡಿಸಿದಳು. ನಾನು ತಂಬಿಗೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಎರಡು ಎಳೆ ಅರಳೆ ಮೂಗಿಗೆ ಹೋಯಿತು. ಉಳಿದದ್ದನ್ನೆಲ್ಲ ಅವ್ವ ಆ ಒಣಗಿದ ಎದೆಯ ಮೇಲೆ, ಕುಪ್ಪಸದೊಳಗೆ ತುರುಕಿದಳು.

ಗಂಡಸರು ಬಂದರು. ಹಣೆಯ ಮೇಲೆ ಮೆರವಣಿಗೆಯ ಗುಲಾಲು ಇನ್ನೂ ಇತ್ತು. ಹೆಣದ ಸಿದಿಗೆ ಎತ್ತಿ ಗೇಟಿನ ಹತ್ತಿರ ಬಂದಾಗ ಅವ್ವ ಅಡ್ಡ ನಿಂತಳು.

"ನಿಂದರ್ರಿ. ಈ ಗೇಟಿನ್ಯಾಗಿಂದ ಝಡತಿ ಕೊಡದ ಯಾರೂ ಹೊರಗ ಹೋಗಿಲ್ಲ. ಆಕಿದೂ ತಗೊಳ್ರಿ."

ಯಾರಾದರೂ ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಆ ಗೇಟಿನಲ್ಲಿ ಸೆರಗು ಝಾಡಿಸಿಕೊಂಡ ಹೆಂಗಸರೇ ಅಲ್ಲಿ ತುಂಬಿದ್ದರು. ಸಿದಿಗೆ ಕೆಳಗಿಳಿಯಿತು. ಎದುರುಮನೆಯ ಕಾಕವ್ವ ಮುಂದೆ ಬಂದು ಕುಪ್ಪಸದೊಳಗೆ ಕೈಹಾಕಿ ಅರಳೆಯನ್ನು ಹೊರಗೆಳೆದಳು. ಎಳೆದಷ್ಟೂ ಬಂತು. ಅವಳು ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ಗಿರಣಿ ಮುಚ್ಚಿ ಎಷ್ಟೋ ವರ್ಷವಾಗಿತ್ತು, ಅರಳೆ ಎಲ್ಲಿಂದ ಬಂತು ಎಂದು ಒಬ್ಬರಾದರೂ ಕೇಳಲಿಲ್ಲ. ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಗೇಟು ದಾಟಿಸಿ ಒಯ್ದದ್ದು ಕಳ್ಳಿಯ ಹೆಣವನ್ನು. ಬದುಕಿನಲ್ಲಿ ಆ ಗಿರಣಿಯ ಒಂದು ಎಳೆಯನ್ನೂ ತನಗೆಂದು ಮುಟ್ಟದಿದ್ದವಳು ಇಡೀ ಊರಿನಲ್ಲಿ ಅವಳೊಬ್ಬಳೇ ಇದ್ದಳು.

ಮನೆಗೆ ಬಂದ ಮೇಲೆ ಆ ಅರಳೆ ನಮ್ಮ ದಿಂಬಿನದಲ್ಲವೇ ಎಂದು ಕೇಳಿದೆ. ಅವ್ವ ಕಾಲು ತೊಳೆದುಕೊಳ್ಳುತ್ತಿದ್ದಳು.

"ಸಿಕ್ಕದ್ದು ಸಿಕ್ಕಿತ್ತು," ಅಂದಳು.

ತನ್ನನ್ನು ಹಿಡಿದವಳೇ ಕಳ್ಳಿಯಾದ ಮೇಲೆ ಇನ್ನು ತನ್ನ ಹೆಸರು ಹೋಯಿತು ಎಂದು ಅವ್ವ ಎಣಿಸಿದ್ದಳು. ಮರುದಿನ ಕೊಡ ಹೊತ್ತು ಹೊರಟವಳ ನಡಿಗೆಯಲ್ಲೇ ಅದು ಕಾಣುತ್ತಿತ್ತು. ನೀರಿನ ಕಟ್ಟೆಯಲ್ಲಿ ಹೆಂಗಸರು ಮಾತಾಡುತ್ತಿದ್ದರು. ಕಳ್ಳಿಯ ಹೆಜ್ಜೆ ಕಳ್ಳಿಗೇ ಗೊತ್ತು, ಅದಕ್ಕೇ ಅರಳಿ ಕಳ್ಳಿ ಅವಳನ್ನು ಹಿಡಿದುಕೊಟ್ಟಳು ನೋಡು ಎಂದು ಎದುರುಮನೆಯ ಕಾಕವ್ವ ಅನ್ನುತ್ತಿದ್ದಳು. ಅವ್ವ ಅರ್ಧ ಕೊಡ ನೀರು ಹೊತ್ತು ತಿರುಗಿ ಬಂದಳು. ಹೆಸರನ್ನು ಕೀಳಬಲ್ಲವಳು ಒಬ್ಬಳೇ ಇದ್ದಳು, ಅವಳನ್ನು ತಾನೇ ಕಳ್ಳಿ ಮಾಡಿ ಕಳಿಸಿಯಾಗಿತ್ತು. ಆ ದಿಂಬಿಗೆ ಅವ್ವ ಮತ್ತೆ ಅರಳೆ ತುಂಬಿಸಲಿಲ್ಲ. ಬದುಕಿರುವವರೆಗೂ ಆ ಜೋತುಬಿದ್ದ ಅರ್ಧ ದಿಂಬಿನ ಮೇಲೆಯೇ ತಲೆಯಿಟ್ಟಳು.

ನನಗೆ ಇದೇ ಓಣಿಯಲ್ಲಿ ಮದುವೆಯಾಗಿ ಮಕ್ಕಳಾದ ಮೇಲೆ ಅವ್ವ ಸತ್ತಳು. ತೊಳೆಯಲು ಬಂದವರಲ್ಲಿ ಎದುರುಮನೆಯ ಕಾಕವ್ವನೂ ಇದ್ದಳು. ಹಲ್ಲು ಬಿದ್ದು, ಬೆನ್ನು ಬಾಗಿತ್ತು. ಅವ್ವನ ಮೂಗಿಗೆ ಅರಳೆ ಇಟ್ಟವಳು ಅವಳೇ. ಇಟ್ಟು, ಗಲ್ಲ ಸವರಿ, ಪ್ರೀತಿಯಿಂದಲೇ ಅಂದಳು.

"ಅರಳಿ ಕಳ್ಳಿ ಕಡೀಕೂ ಅರಳಿ ತಗೊಂಡ ಹೋದಳು ನೋಡ್ರಿ."

ಅಳುತ್ತಿದ್ದವರೂ ಸೆರಗು ಬಾಯಿಗೆ ಹಿಡಿದು ನಕ್ಕರು.

ಗಿರಣಿಯಲ್ಲಿ ಈಗ ಉಳಿದಿರುವುದು ಗೇಟಿನ ಎರಡು ಕಲ್ಲುಗಂಬ ಮಾತ್ರ. ಸುತ್ತಲೂ ಜಾಲಿ ಬೆಳೆದಿದೆ, ಗೋಡೆಯೇ ಇಲ್ಲ. ಆದರೂ ಕೆಲವರು ಆ ಕಂಬಗಳ ನಡುವಿನಿಂದಲೇ ಹಾದು ಬಹಿರ್ದೆಸೆಗೆ ಹೋಗುತ್ತಾರೆ.

ಗಾದಿ ಹಿಂಜುವವನು ಸಂಜೆ ಕೂಗಿ ದಿಂಬಿಗೆ ಹೊಸ ಅರಳೆ ತುಂಬಲೇ ಎಂದು ಕೇಳಿದ. ತುಂಬು ಅಂದೆ. ದಿಂಬು ಈಗ ಉಬ್ಬಿ ಎತ್ತರವಾಗಿದೆ, ಮೊಮ್ಮಗಳು ಅದು ತನಗೇ ಬೇಕು ಎನ್ನುತ್ತಾಳೆ. ಕೊಟ್ಟಿದ್ದೇನೆ. ಅದು ಯಾರದು ಎಂದು ಅವಳು ಕೇಳಿದಾಗ, ನನ್ನ ಅವ್ವನದು ಎಂದು ಮಾತ್ರ ಹೇಳಿದೆ. ಅವ್ವನನ್ನು ಊರು ಏನೆಂದು ಕರೆಯುತ್ತಿತ್ತು ಎಂದು ಬಲ್ಲವಳು ಈಗ ಈ ಓಣಿಯಲ್ಲಿ ನಾನೊಬ್ಬಳೇ.