ಹಿಂದಿನ ಗೇಟಿನ ಮಣ್ಣು

ಆಕೆಯನ್ನು ಎಲ್ಲರೂ ತಕ್ಕಡಿ ಅಕ್ಕ ಎಂದೇ ಕರೆಯುತ್ತಿದ್ದರು. ತಗಡಿಗೆ ಸತುವಿನ ಲೇಪ ಕೊಡುವ ಕಾರ್ಖಾನೆಯ ಮುಂಬಾಗಿಲಿನಲ್ಲಿ ಲಾರಿಗಳನ್ನು ತೂಗುವ ವೇಬ್ರಿಡ್ಜ್ ಇತ್ತು. ಅದರ ಪಕ್ಕದ ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ ಹಿಡಿಸಿದರೆ ಹೆಚ್ಚು. ಅಲ್ಲಿ ಆಕೆ ಇಪ್ಪತ್ತಾರು ವರ್ಷ ಕೂತಿದ್ದಳು. ಬರುವಾಗ ಲಾರಿಯ ತೂಕ, ಹೋಗುವಾಗ ಲಾರಿಯ ತೂಕ, ನಡುವೆ ಒಂದು ಚೀಟಿ. ಕೆಲಸ ಇಷ್ಟೇ. ಆದರೆ ತೂಕದಲ್ಲಿ ಮೋಸ ಮಾಡಲು ಲಾರಿಯವರು ಹೂಡದ ಆಟವಿಲ್ಲ. ಒಬ್ಬ ಹಿಂದಿನ ಚಕ್ರವನ್ನು ತೂಕದ ಕಟ್ಟೆಯಿಂದ ನಾಲ್ಕು ಬೆರಳು ಆಚೆ ನಿಲ್ಲಿಸುತ್ತಿದ್ದ. ಇನ್ನೊಬ್ಬ ನೀರಿನ ಡ್ರಮ್ ತುಂಬಿಸಿಕೊಂಡು ಬಂದು, ಹೋಗುವಾಗ ಖಾಲಿ ಮಾಡುತ್ತಿದ್ದ.

"ಇಳೀರಪ್ಪ ಇಬ್ಬರೂ" ಎಂದು ಆಕೆ ಕಿಟಕಿಯಿಂದಲೇ ಕೂಗುವಳು. "ಸೀಟಿನ ಹಿಂದೆ ಮಲಗಿದಾನಲ್ಲ, ಆ ಮೂರನೆಯವನನ್ನೂ ಎಬ್ಬಿಸಿ. ಅವನಿಗೂ ತೂಕ ಇದೆ."

ಇಪ್ಪತ್ತಾರು ವರ್ಷ ಹೀಗೆ ಕೂತವಳಿಗೆ ಗುಮಾನಿ ಎನ್ನುವುದು ಕನ್ನಡಕದ ಹಾಗೆ ಮೂಗಿನ ಮೇಲೆಯೇ ಉಳಿದುಬಿಟ್ಟಿತ್ತು. ತರಕಾರಿಯವನ ತಕ್ಕಡಿಯನ್ನು ಒಮ್ಮೆ ತಿರುಗಿಸಿ ನೋಡದೆ ಬದನೆಕಾಯಿ ಕೊಳ್ಳುತ್ತಿರಲಿಲ್ಲ. ಗಂಡ ಅದೇ ಕಾರ್ಖಾನೆಯ ಆಸಿಡ್ ಶೆಡ್ಡಿನಲ್ಲಿದ್ದ. ತಗಡನ್ನು ಆಸಿಡ್ಡಿನಲ್ಲಿ ಅದ್ದಿ ತೊಳೆಯುವ ತೊಟ್ಟಿಗಳ ಬಳಿ ದುಡಿದು ದುಡಿದು ಅವನ ಪಾದಗಳು ಒಡೆದ ನೆಲದಂತಾಗಿದ್ದವು. ಎದೆನೋವೆಂದು ಮಲಗಿದವನು ಏಳಲಿಲ್ಲ. ವೈದ್ಯರು ಬೀಡಿ ಕಾರಣ ಎಂದರು. ಆಕೆ ವೈದ್ಯರ ಮುಖವನ್ನೇ ನೋಡಿದಳು. ಆ ವೈದ್ಯರ ಸಂಬಳ ಕಾರ್ಖಾನೆಯದೇ ಆಗಿತ್ತು.

ಗಂಡ ಹೋದ ಐದು ವರ್ಷಕ್ಕೆ ಕಾರ್ಖಾನೆಯೂ ಮುಚ್ಚಿತು. ಆಕೆ ತಮ್ಮ ಮತ್ತು ಅವನ ಹೆಂಡತಿಯ ಜೊತೆ, ಕಾರ್ಖಾನೆಯ ಹಿಂದಿನ ಓಣಿಯ ಎರಡು ಕೋಣೆಯ ಮನೆಯಲ್ಲಿ ಇರುತ್ತಿದ್ದಳು. ತಮ್ಮ ಸ್ವಂತ ಟಿಪ್ಪರ್ ಓಡಿಸುತ್ತಿದ್ದ. ಮಾತು ಕಡಿಮೆ, ಊಟ ಜಾಸ್ತಿ. ಮೂವರ ನಡುವೆ ಜಗಳವೆಂದರೆ ಟಿವಿಯ ಸದ್ದಿಗಷ್ಟೇ.

ಮೂರು ವರ್ಷ ಖಾಲಿ ಬಿದ್ದಿದ್ದ ಜಾಗಕ್ಕೆ ಒಂದು ದಿನ ಸುತ್ತ ತಗಡಿನ ಬೇಲಿ ಬಂತು. ಬೇಲಿಯ ಮೇಲೆ ಮನೆಯಷ್ಟು ದೊಡ್ಡ ಚಿತ್ರ. ಗಾಜಿನ ಅಂಗಡಿಗಳ ಸಾಲು, ಅದರ ಮುಂದೆ ಕಣ್ಣು ಹಾಯುವಷ್ಟು ದೂರ ಫಳಫಳ ಹೊಳೆಯುವ ಕಾರುಗಳು. ಸಾವಿರದ ಇನ್ನೂರು ಕಾರುಗಳಿಗೆ ಜಾಗ ಎಂದು ಬರೆದಿತ್ತು.

"ಓಣಿಯಲ್ಲಿ ಒಟ್ಟು ಎಷ್ಟು ಕಾರಿವೆ?" ಎಂದು ಆಕೆ ತಮ್ಮನ ಹೆಂಡತಿಯನ್ನು ಕೇಳಿದಳು.

"ಒಂದು, ಅತ್ತಿಗೆ. ಅದಕ್ಕೂ ಎಂಜಿನ್ ಇಲ್ಲ. ಕೋಳಿ ಸಾಕಿದಾರೆ ಅದರೊಳಗೆ."

ವಾರ ಕಳೆಯುವಷ್ಟರಲ್ಲಿ ಮಣ್ಣು ತೆಗೆಯುವ ಗುತ್ತಿಗೆದಾರರ ಸೂಪರ್‌ವೈಸರ್ ಮನೆ ಹುಡುಕಿಕೊಂಡು ಬಂದ. ಚಪ್ಪಲಿ ಹೊರಗೆ ಬಿಟ್ಟು, ಕೈ ಮುಗಿದು, ಕೂರು ಎನ್ನುವವರೆಗೂ ಕೂರಲಿಲ್ಲ. ಇಷ್ಟು ಮರ್ಯಾದೆ ಯಾಕೋ ಅಂತ ಆಕೆಗೆ ಆಗಲೇ ಅನ್ನಿಸಿತು.

"ಅಕ್ಕಾ, ಆಸಿಡ್ ಶೆಡ್ ಇದ್ದ ಕಡೆ ಮಣ್ಣು ಕೆಟ್ಟಿದೆ. ಅದನ್ನೆಲ್ಲ ಅಗೆದು, ಶುದ್ಧ ಮಾಡೋ ಜಾಗಕ್ಕೆ ಸಾಗಿಸ್ಬೇಕು. ಊರಾಚೆ ನಲವತ್ತು ಕಿಲೋಮೀಟರ್. ಇಷ್ಟು ಮಣ್ಣು ಹೊರಗೆ ಹೋಯ್ತು ಅನ್ನೋದಕ್ಕೆ ತೂಕದ ಚೀಟಿ ಇದ್ರೇ ಸರ್ಕಾರದವರು ಒಪ್ಪೋದು. ಆ ಹಳೇ ವೇಬ್ರಿಡ್ಜ್ ನಿಮ್ಮ ಮಾತು ಬಿಟ್ಟು ಬೇರೆಯವರ ಮಾತು ಕೇಳಲ್ವಂತೆ. ನಾಲ್ಕು ತಿಂಗಳು ಬಂದು ಕೂತ್ಕೊಳ್ಳಿ."

ಆಕೆ ಯೋಚಿಸುತ್ತೇನೆ ಎಂದಳು. ಆದರೆ ಮಾರನೆಯ ಬೆಳಿಗ್ಗೆ ಏಳಕ್ಕೇ ಕೋಣೆಯ ಧೂಳು ಹೊಡೆಯುತ್ತ ನಿಂತಿದ್ದಳು. ಕಟ್ಟೆಯ ಸಂದಿಯಲ್ಲಿ ಬೆಳೆದ ಹುಲ್ಲನ್ನು ಕೈಯಾರೆ ಕಿತ್ತಳು. ಮೊದಲ ದಿನ ಮೊದಲ ಲಾರಿ ತಮ್ಮನದೇ. ಅವನಿಗೂ ಅಲ್ಲೇ ಕೆಲಸ ಸಿಕ್ಕಿತ್ತು.

"ಇಳಿಯೋ ಕೆಳಗೆ" ಎಂದಳು ಕಿಟಕಿಯಿಂದ. "ತಮ್ಮ ಆದ್ರೇನು, ತೂಕ ತೂಕವೇ."

ಅವನು ನಗುತ್ತ ಇಳಿದ.

ನಾಲ್ಕನೆಯ ದಿನದಿಂದ ತಮ್ಮನ ಟಿಪ್ಪರ್ ಕಟ್ಟೆಗೆ ಬರಲಿಲ್ಲ. ಉಳಿದವರು ಬಂದರು. ಅವರ ಲೆಕ್ಕದಲ್ಲೂ ಏನೋ ಸರಿಯಿರಲಿಲ್ಲ. ಎಂಟೂ ಹತ್ತಕ್ಕೆ ತುಂಬಿಕೊಂಡು ಹೊರಟ ಲಾರಿ ಒಂಬತ್ತಕ್ಕೆ ಖಾಲಿಯಾಗಿ ವಾಪಸ್. ನಲವತ್ತು ಕಿಲೋಮೀಟರ್ ಹೋಗಿ, ಸುರಿದು, ನಲವತ್ತು ಕಿಲೋಮೀಟರ್ ಬರಲು ಐವತ್ತು ನಿಮಿಷ ಸಾಕೆ? ರೆಕ್ಕೆ ಇದ್ದರೂ ಸಾಲದು. ಮೊದಲ ಸಲ ಗಡಿಯಾರ ಕೆಟ್ಟಿರಬೇಕು ಎಂದುಕೊಂಡಳು. ಎರಡನೆಯ ಸಲ ತಲೆಗೆ ಹುಳ ಹೊಕ್ಕಿತು. ಅಂದಿನಿಂದ ಚೀಟಿಯ ತನ್ನ ಪ್ರತಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೋದ ಹೊತ್ತು, ಬಂದ ಹೊತ್ತು ಬರೆಯತೊಡಗಿದಳು.

ಸಂಜೆ ಊಟಕ್ಕೆ ಕೂತಾಗ ತಮ್ಮನನ್ನು ಕೇಳಿದಳು. "ನಿನ್ನ ಗಾಡಿ ಎಲ್ಲೋ? ಕಟ್ಟೆಗೇ ಬರ್ತಿಲ್ಲ."

"ಬೇರೆ ಕೆಲಸಕ್ಕೆ ಹಾಕಿದಾರೆ."

"ಏನು ಬೇರೆ ಕೆಲಸ?"

"ಅದೇ, ಸೈಟಿನದೇ. ಊಟ ಮಾಡಕ್ಕ, ಆರ್ತಾ ಇದೆ."

ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ಸುಳ್ಳು ಹೇಳುವಾಗ ಚಿಕ್ಕಂದಿನಿಂದಲೂ ಅವನು ತಲೆ ಎತ್ತಿದವನಲ್ಲ.

ಹತ್ತು ದಿನ ಆಕೆ ಯಾರ ಬಳಿಯೂ ಬಾಯಿ ಬಿಡಲಿಲ್ಲ. ಸೂಪರ್‌ವೈಸರ್ ದಿನಕ್ಕೆರಡು ಸಲ ಚಹಾ ಕಳಿಸುತ್ತಿದ್ದ. ಮೊದಲು ಕುಡಿಯುತ್ತಿದ್ದಳು, ಆಮೇಲೆ ಕಿಟಕಿಯ ಹೊರಗೆ ಚೆಲ್ಲತೊಡಗಿದಳು. ವಿಷ ಹಾಕಿರುತ್ತಾನೆ ಎಂದಲ್ಲ, ಋಣ ಬೇಡ ಎಂದು. ಹನ್ನೊಂದನೆಯ ದಿನ ಹಲ್ಲುನೋವೆಂದು ಅರ್ಧ ದಿನ ರಜೆ ಹಾಕಿ, ಕಾರ್ಖಾನೆಯ ಹಿಂದಿನ ರಸ್ತೆಯಲ್ಲಿರುವ ಟೈಲರಮ್ಮನ ಮನೆಗೆ ಹೋದಳು. ಹಳೇ ಗೆಳತಿ. ರವಿಕೆಯ ಅಳತೆ ಕೊಡುವ ನೆಪದಲ್ಲಿ ಮಹಡಿ ಹತ್ತಿ, ಒಣಹಾಕಿದ ಸೀರೆಗಳ ಮರೆಯಲ್ಲಿ ನಿಂತಳು.

ಅಲ್ಲಿಂದ ಹಿಂದಿನ ಗೇಟು ಅಂಗೈಯಷ್ಟು ಸ್ಪಷ್ಟ. ರಜೆಗೆ ಮುನ್ನ ಆಕೆಯೇ ಮುಂದಿನ ಗೇಟಿನಲ್ಲಿ ತೂಗಿ ಕಳಿಸಿದ್ದ ಲಾರಿ ಊರಾಚೆಗೆ ಹೋಗಲೇ ಇಲ್ಲ. ರಿಂಗ್ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಹಿಂದಿನ ಗೇಟಿನಿಂದ ಅದೇ ಜಾಗದೊಳಕ್ಕೆ ಬಂತು. ತಗ್ಗಿನಲ್ಲಿ ಹಿಂಬದಿ ಎತ್ತಿ ಸುರಿಯಿತು. ಬೂದಿಗೆ ಅರಿಶಿನ ಕಲೆಸಿದಂಥ ಬಣ್ಣ, ಮೇಲೆ ಬಿಳಿ ಹೊಪ್ಪಳೆ. ಈ ಮಣ್ಣನ್ನು ಆಕೆ ವರ್ಷಗಟ್ಟಲೆ ಗಂಡನ ಪ್ಯಾಂಟಿನ ಅಂಚಿನಿಂದ ಉಜ್ಜಿ ತೊಳೆದಿದ್ದಳು. ಬುಲ್ಡೋಜರ್ ಅದನ್ನು ಸಮ ಮಾಡುತ್ತಿತ್ತು. ಬೇಲಿಯ ಚಿತ್ರದಲ್ಲಿ ಕಾರುಗಳು ನಿಂತಿದ್ದದ್ದು ಸರಿಯಾಗಿ ಆ ತಗ್ಗಿನ ಮೇಲೆಯೇ. ಮೇಲೊಂದು ಡಾಂಬರು ಎಳೆದುಬಿಟ್ಟರೆ ಕೇಳುವವರು ಯಾರು? ಆದರೆ ತಗ್ಗಿನ ಆಚೆ ಬದಿಗೇ ಓಣಿಯ ಎರಡು ಬಾವಿಗಳಿದ್ದವು.

ಮೂರು ಲಾರಿಗಳ ನಂಬರನ್ನು ಸೆರಗಿನ ಮರೆಯಲ್ಲಿ ಬರೆದುಕೊಂಡಳು. ನಾಲ್ಕನೆಯದು ಗೇಟು ದಾಟಿ ಬಂತು. ಹಸಿರು ಟಾರ್ಪಾಲಿನ್ ಬಿಗಿದ, ತುಂಬಿದ ಟಿಪ್ಪರ್. ತಮ್ಮನದು. ಅದು ಬುಲ್ಡೋಜರಿನ ಆಚೆಗೆ, ಹಳೇ ಶೆಡ್ಡಿನ ಉಳಿದ ಗೋಡೆಯ ಹಿಂದಕ್ಕೆ ಹೋಗಿ ಮರೆಯಾಯಿತು.

ಭಾನುವಾರ ಮನೆಯಲ್ಲಿ ಯಾರೂ ಇಲ್ಲದಾಗ ದೂರು ಬರೆಯಲು ಕೂತಳು. ಮೂರು ನಂಬರುಗಳನ್ನು ಬರೆದು ಪೆನ್ನು ಕೆಳಗಿಟ್ಟಳು. ಎದ್ದು ನೀರು ಕುಡಿದಳು. ಮಡಚಿದ್ದ ಬಟ್ಟೆಗಳನ್ನೇ ಮತ್ತೆ ಮಡಚಿದಳು. ತಮ್ಮನನ್ನು ಇನ್ನೊಮ್ಮೆ ಕೇಳಿದರೆ? ಕೇಳಿದರೆ ಅವನು ಸೂಪರ್‌ವೈಸರ್ ಕಿವಿಗೆ ಹಾಕಿಬಿಟ್ಟರೆ? ಈ ಯೋಚನೆ ಬಂದದ್ದಕ್ಕೆ ಆಕೆಗೇ ನಾಚಿಕೆಯಾಯಿತು, ಆದರೂ ಯೋಚನೆ ಜಗ್ಗಲಿಲ್ಲ. ಕೊನೆಗೆ ಕೂತು ನಾಲ್ಕನೆಯ ನಂಬರನ್ನೂ ಬರೆದಳು.

ಮಾಲಿನ್ಯ ತಡೆಯುವ ಕಚೇರಿಯಲ್ಲಿ ಗುಮಾಸ್ತ ದೂರನ್ನು ತೆಗೆದುಕೊಂಡು ಡ್ರಾಯರಿಗೆ ಹಾಕಿದ.

"ಮುದ್ರೆ?" ಎಂದಳು.

"ಆಮೇಲೆ ಒತ್ತುತೀವಮ್ಮ, ನೀವು ಹೋಗಿ."

"ಒತ್ತಿ. ನಾನು ನೋಡ್ತೀನಿ. ನನ್ನ ಪ್ರತಿ ಮೇಲೂ ಒತ್ತಿ. ತಾರೀಕು ಕಾಣೋ ಹಾಗೆ."

"ನಮ್ಮ ಮೇಲೆ ನಂಬಿಕೆ ಇಲ್ವಾ ನಿಮಗೆ?"

"ನಂಬಿಕೆ ಇದೆ. ಮುದ್ರೆ ಇಲ್ಲ."

ಒಂದು ವಾರ ಏನೂ ಆಗಲಿಲ್ಲ. ಗುಮಾಸ್ತನೇ ದೂರನ್ನು ಗುತ್ತಿಗೆದಾರರಿಗೆ ಮುಟ್ಟಿಸಿರಬೇಕು ಎಂದು ಆಕೆಗೆ ಖಾತ್ರಿಯಾಯಿತು. ಸೂಪರ್‌ವೈಸರ್ ನಕ್ಕರೂ ಅನುಮಾನ, ನಗದಿದ್ದರೂ ಅನುಮಾನ. ಒಂಬತ್ತನೆಯ ದಿನ ಎರಡು ಜೀಪುಗಳು ಮತ್ತು ನೆಲ ಕೊರೆಯುವ ಒಂದು ಯಂತ್ರ ಬಂದವು. ಮೂರನೆಯ ಕಡೆ ಕೊರೆದಾಗ ಕೊಳವೆಯಿಂದ ಆ ಬೂದು ಹಳದಿ ಕೆಸರು ಬಂತು. ವಾಸನೆಗೆ ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದ. ಸಂಜೆಯೊಳಗೆ ಕೆಲಸ ನಿಂತಿತು, ನಾಲ್ಕು ಲಾರಿಗಳಿಗೂ ಬೀಗ ಬಿತ್ತು, ಚಾಲಕರನ್ನು ಠಾಣೆಗೆ ಕರೆದೊಯ್ದರು.

ಮಾರನೆಯ ಬೆಳಿಗ್ಗೆ ತಮ್ಮನ ಹೆಂಡತಿ ಒಲೆಯ ಮುಂದೆ ಕೂತು ಅಳುತ್ತಿದ್ದಳು. "ಯಾವ ಪಾಪಿಗಳು ನಂಬರ್ ಕೊಟ್ಟರೋ ಅತ್ತಿಗೆ. ಅವರ ಬಾಯಿಗೆ ಮಣ್ಣು ಬೀಳ."

"ನಾನೇ ಕೊಟ್ಟೆ" ಎಂದಳು ಆಕೆ.

ತಮ್ಮನ ಹೆಂಡತಿ ತಲೆಯೆತ್ತಿ ನೋಡಿದಳು. ಬೈಯಲಿಲ್ಲ. ಎದ್ದು, ಒಲೆ ಆರಿಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಎರಡು ದಿನದ ನಂತರ ಮಧ್ಯಾಹ್ನ ತಮ್ಮ ಬಂದ. ಅವನನ್ನು ಬಿಟ್ಟಿದ್ದರು, ಉಳಿದ ಮೂವರನ್ನು ಬಿಟ್ಟಿರಲಿಲ್ಲ. ಮುಖ ತೊಳೆದುಕೊಂಡು, ಒರೆಸಿಕೊಳ್ಳದೆಯೇ ಅಕ್ಕನ ಎದುರು ಕೂತ.

"ನಾಲ್ಕನೇ ನಂಬರ್ ನೀನು ಬರೆದದ್ದಾ?"

"ಕಂಡದ್ದು ಬರೆದೆ."

"ಟಾರ್ಪಾಲಿನ್ ಕೆಳಗೆ ಏನಿತ್ತು ಅಂತ ಕಂಡ್ಯಾ?"

ಇಲ್ಲವೆಂದು ಆಕೆ ತಲೆಯಾಡಿಸಿದಳು.

"ಮರಳು ಅಕ್ಕ. ಕ್ವಾರಿ ಮರಳು, ಅಡಿಪಾಯಕ್ಕೆ. ರಸೀದಿ ತೋರಿಸಿದ ಮೇಲೆ ಬಿಟ್ರು. ಮೂರನೇ ದಿನಾನೇ ನನಗೆ ಗೊತ್ತಾಯ್ತು, ಹಿಂದಿನ ಗೇಟಿಗೆ ತಿರುಗಿಸು ಅಂದ್ರು. ನಾನು ಒಲ್ಲೆ ಅಂದೆ. ಸರಿ, ಮರಳು ಹೊಡಿ, ಆದ್ರೆ ಬಾಯಿಬಿಟ್ರೆ ನಿನ್ನ ಅಕ್ಕನ ಕುರ್ಚಿನೂ ಹೋಗುತ್ತೆ ಅಂದ ಸೂಪರ್‌ವೈಸರ್."

"ನನಗೆ ಹೇಳಬಹುದಿತ್ತಲ್ಲೋ."

"ಹೇಳಿದ್ರೆ ಸುಮ್ನೆ ಇರ್ತಿದ್ಯಾ ನೀನು? ಮೊದಲ ದಿನ ಆ ಕಿಟಕೀಲಿ ನಿನ್ನ ಮುಖ ನೋಡಿದೆ. ಭಾವ ಹೋದಮೇಲೆ ಆ ಮುಖ ನೋಡೇ ಇರ್ಲಿಲ್ಲ. ನಾಲ್ಕು ತಿಂಗಳು ಇರ್ಲಿ ಅಂದ್ಕೊಂಡೆ."

ಆಕೆಗೆ ಕಣ್ಣು ತುಂಬಿಬಂತು. ಆದರೂ ಇನ್ನೊಂದು ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು, ಅದನ್ನು ನುಂಗಲು ಆಗಲಿಲ್ಲ.

"ಅಂದ್ರೆ ಗೊತ್ತಿದ್ದೂ ಸುಮ್ನಿದ್ದೆ. ನಮ್ಮ ಬಾವಿ ಪಕ್ಕದಲ್ಲೇ."

"ಹೂಂ" ಎಂದ ತಮ್ಮ. "ಇದ್ದೆ." ಟವೆಲ್ ಹುಡುಕುತ್ತ ಎದ್ದುಹೋದ.

ಆ ಗುತ್ತಿಗೆದಾರರನ್ನು ತೆಗೆದುಹಾಕಿದರು. ಹೊಸಬರು ಬಂದು ತಗ್ಗನ್ನು ಮತ್ತೆ ಅಗೆದರು. ಏಳು ತಿಂಗಳು ಹಿಡಿಯಿತು. ತೂಕಕ್ಕೆ ಎಲ್ಲಿಂದಲೋ ಹೊಸ ಯಂತ್ರ ತಂದು ನಿಲ್ಲಿಸಿದರು, ಅದರ ಮುಂದೆ ಬೇರೆ ಯಾರೋ ಕೂತರು. ತಕ್ಕಡಿ ಅಕ್ಕನನ್ನು ಯಾರೂ ಕರೆಯಲಿಲ್ಲ. ಹಳೆಯ ಕಟ್ಟೆಯನ್ನು ಒಂದೇ ಮಧ್ಯಾಹ್ನದಲ್ಲಿ ಒಡೆದರು. ತಮ್ಮನ ಟಿಪ್ಪರ್ ಬೀಗದಿಂದ ಬಿಡುಗಡೆಯಾಗಲು ಐದು ವಾರ ಬೇಕಾಯಿತು. ಅಷ್ಟರಲ್ಲಿ ಸೈಟಿನ ಕೆಲಸ ಕೈತಪ್ಪಿತ್ತು. ಅವನು ಟಿಪ್ಪರ್ ಮಾರಿ, ವ್ಯಾನು ಕೊಂಡು, ಅಂಗಡಿಗಳಿಗೆ ಸರಕು ಸಾಗಿಸತೊಡಗಿದ.

ಮರುವರ್ಷ ಅಂಗಡಿಗಳು ತೆರೆದವು. ಓಣಿಯವರು ತಮ್ಮ ಮನೆಯ ಹಿಂದೆಯೇ ಇರುವ ಜಾಗಕ್ಕೆ ಮುಖ್ಯರಸ್ತೆ ಸುತ್ತಿ ಹೋಗಬೇಕಿತ್ತು. ಆಕೆ ಒಮ್ಮೆ ಹೋದಳು. ಕಾರುಗಳು ಇಳಿಯುವ ದಾರಿಯಲ್ಲೇ ನಡೆದು ಬಂದವಳನ್ನು ಕಾವಲುಗಾರ ತಡೆದ.

"ಅಮ್ಮಾ, ಇದು ಗಾಡಿಗಳ ದಾರಿ."

"ನಡೆದು ಬರೋರ ದಾರಿ ಎಲ್ಲಿ?"

ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. "ಹೋಗಿ ಹೋಗಿ, ಬೇಗ ದಾಟಿಬಿಡಿ" ಎಂದ.

ಆಕೆ ಅಂಗಡಿಗಳ ಕಡೆ ಹೋಗಲಿಲ್ಲ. ಹಿಂದೆ ಆ ತಗ್ಗು ಇದ್ದ ಪೂರ್ವದ ಮೂಲೆಗೆ ಹೋಗಿ, ಎರಡು ಕಾರುಗಳ ನಡುವೆ ನಿಂತು ಡಾಂಬರನ್ನು ನೋಡಿದಳು. ಎಲ್ಲ ತೆಗೆದಿದ್ದೇವೆ ಎಂದು ಹೊಸಬರು ಬರೆದುಕೊಟ್ಟಿದ್ದರು. ಮೊದಲಿನವರೂ ಬರೆದುಕೊಟ್ಟಿದ್ದರು, ಅದೂ ಆಕೆಯ ಕೈಯ ತೂಕದ ಚೀಟಿಗಳಿಂದಲೇ.

ಈಗ ಮೂರು ತಿಂಗಳಿಗೊಮ್ಮೆ ಓಣಿಯ ಬಾವಿಗಳ ನೀರನ್ನು ಪರೀಕ್ಷೆಗೆ ಒಯ್ಯುತ್ತಾರೆ. ದೂರಿನ ನಂತರ ಬಂದ ಆದೇಶ ಅದು. ಆಕೆ ಬಾವಿಯ ಬಳಿ ನಿಂತೇ ಇರುತ್ತಾಳೆ. ಶೀಶೆಯನ್ನು ಬೆಳಕಿಗೆ ಹಿಡಿದು ನೋಡಿ, ನೀರು ತುಂಬಿದ ಮೇಲೆ ಮುಚ್ಚಳಕ್ಕೆ ಅಂಟಿಸಿದ ಕಾಗದದ ಮೇಲೆ ತನ್ನ ಸಹಿ ಹಾಕಿ ಕಳಿಸುತ್ತಾಳೆ. ಇದುವರೆಗಿನ ಎಲ್ಲ ವರದಿಗಳೂ ಚೆನ್ನಾಗಿವೆ. ಅಷ್ಟು ಚೆನ್ನಾಗಿರುವುದೇ ಆಕೆಗೆ ಸರಿಕಾಣುವುದಿಲ್ಲ. ಕಳೆದ ಸಲ ಎರಡು ಶೀಶೆ ತುಂಬಿಸಿ, ಒಂದನ್ನು ಬೇರೆ ಊರಿನ ಪರೀಕ್ಷೆಗೆ ತಾನೇ ಕಳಿಸಿದಳು. ಅದೂ ಚೆನ್ನಾಗಿಯೇ ಬಂತು.

ತಮ್ಮ ಜಗಳವಾಡಲಿಲ್ಲ, ಬೇರೆ ಮನೆಯನ್ನೂ ಮಾಡಲಿಲ್ಲ. ಮೂವರೂ ಒಟ್ಟಿಗೇ ಉಣ್ಣುತ್ತಾರೆ. ಮೊದಲು ಮಾತೇ ಆಡದವನು ಈಗ ಪ್ರತಿ ಬೆಳಿಗ್ಗೆ ಹೊಸ್ತಿಲಲ್ಲಿ ನಿಂತು ಹೇಳುತ್ತಾನೆ: "ಅಕ್ಕಾ, ಬಿಸ್ಕತ್ತಿನ ಡಬ್ಬ ತುಂಬ್ಕೊಂಡು ಮಾರ್ಕೆಟ್ ರಸ್ತೆಗೆ ಹೋಗ್ತಿದೀನಿ. ಹನ್ನೊಂದಕ್ಕೆ ಅಲ್ಲಿಂದ ಖಾಲಿ. ಒಂದಕ್ಕೆ ಮನೆ." ಅದರಲ್ಲಿ ಕುಹಕವಿದೆಯೋ, ಬರೀ ಅಭ್ಯಾಸವೋ ಆಕೆಗೆ ಇನ್ನೂ ತಿಳಿದಿಲ್ಲ. ಹೇಳಬೇಡವೋ ಎಂದು ಎಷ್ಟೋ ಸಲ ಅಂದಿದ್ದಾಳೆ. ಅವನು ಹೇಳುವುದನ್ನು ಬಿಟ್ಟಿಲ್ಲ. ಗಡಿಯಾರ ಒಂದು ಹೊಡೆದಾಗ ಆಕೆಯ ಕಣ್ಣು ಬೇಡವೆಂದರೂ ಬಾಗಿಲಿನತ್ತ ಹೋಗುತ್ತದೆ.