ನಮ್ಮ ಹೊಲದ ಒಡ್ಡು ಕಡಿದ ಮಧ್ಯಾಹ್ನ

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ, ಕೆಂಪು ದಿಬ್ಬವೊಂದರ ಇಳಿಜಾರಿನಲ್ಲಿದೆ ನಮ್ಮ ಊರು. ದಿಬ್ಬದಿಂದ ಇಳಿಯುವ ಹಳ್ಳ ಮೊದಲು ನಮ್ಮ ಹೊಲದ ಅಂಚಿಗೆ ಬಂದು, ಆಮೇಲೆ ಊರಿನ ಕೆಳಗಿನ ಓಣಿಯ ಪಕ್ಕದಲ್ಲಿ ಹಾದುಹೋಗುತ್ತದೆ. ಹಳ್ಳದ ಆಚೆ ದಂಡೆಯ ಹೊಲ ಅಪ್ಪನ ಬಾಲ್ಯದ ಗೆಳೆಯನದು. ನಾವು ಅವರನ್ನು ಚಾಚಾ ಎನ್ನುತ್ತೇವೆ.

ನಾನು ಸಣ್ಣವಳಿದ್ದಾಗ ಆ ಹಳ್ಳ ಅಗಲವಾಗಿತ್ತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಒಣಗಿ ಬಿದ್ದ ಹಳ್ಳ ಎಲ್ಲರ ಕಣ್ಣಿಗೂ ಖಾಲಿ ಜಮೀನಿನಂತೆ ಕಂಡಿತು. ಬಿತ್ತನೆ ಬಂದಾಗಲೆಲ್ಲ ನೇಗಿಲು ತುಸು ಮುಂದೆ ಸರಿಯಿತು. ಕೊನೆಗೆ ಅಪ್ಪ ಟ್ರ್ಯಾಕ್ಟರಿನಿಂದ ಮಣ್ಣು ಎಳೆಸಿ ಎತ್ತರದ ಒಡ್ಡು ಹಾಕಿಸಿದ. ಆಚೆ ಕಡೆ ಚಾಚಾ ಕೂಡ ಹಾಕಿಸಿದರು. ಮೇಲೆ ದಿಬ್ಬದ ಮುರುಮು, ಅಂದರೆ ಕೆಂಪು ಗರಸು ಮಣ್ಣು, ರಸ್ತೆ ಕೆಲಸಕ್ಕೆ ಲಾರಿಗಟ್ಟಲೆ ಹೋಯಿತು. ಹುಲ್ಲು ಹೋಯಿತು, ಕುರಿಗಳು ಮೇಯುತ್ತಿದ್ದ ಜಾಗ ಬೋಳಾಯಿತು. ಕೆಳಗೆ ಕಬ್ಬಿಗಾಗಿ ಬೋರ್‌ವೆಲ್‌ಗಳು ಆಳಕ್ಕೆ ಆಳಕ್ಕೆ ಇಳಿದವು. ಒಂದು ಬೇಸಿಗೆಯಲ್ಲಿ ನಮ್ಮ ಬಾವಿಯ ತಳದ ಬಂಡೆ ಕಂಡಿತು. ಎರೆಮಣ್ಣು ಕರುವಿನ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯಿತು. ಅವ್ವ ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಂತಳು.

ಅದೇ ವರ್ಷ ಮಳೆಗಾಲದ ಕೊನೆಗೆ, ಸೋಯಾ ಕಾಯಿ ತುಂಬಿ ನಿಂತಿದ್ದಾಗ, ನಾನು ಬಸವಕಲ್ಯಾಣದ ಕಾಲೇಜಿನಿಂದ ರಜೆಗೆ ಬಂದಿದ್ದೆ. ಅಪ್ಪ ಹುಮನಾಬಾದಿಗೆ ಹೋಗಿದ್ದ. ಊಟವಾದ ಮೇಲೆ ಹಿಡಿದ ಮಳೆ ಬಿಡಲೇ ಇಲ್ಲ. ಹೊಲದಲ್ಲಿ ಕಟ್ಟಿದ್ದ ಎಮ್ಮೆಗಳನ್ನು ಬಿಚ್ಚಿ ತರಲು ಅವ್ವ ಮತ್ತು ನಾನು ಓಡಿದೆವು. ಬೋಳು ದಿಬ್ಬದ ನೀರೆಲ್ಲ ಕೆಂಪಾಗಿ ಒಮ್ಮೆಲೇ ಇಳಿಯುತ್ತಿತ್ತು. ಎರಡು ಒಡ್ಡುಗಳ ನಡುವೆ ಸಿಕ್ಕ ಹಳ್ಳಕ್ಕೆ ಹರಡಿಕೊಳ್ಳಲು ಜಾಗವಿಲ್ಲದೆ, ಅದು ನೇರ ಓಣಿಗೆ ನುಗ್ಗುತ್ತಿತ್ತು.

ಆಚೆ ದಂಡೆಯಿಂದ ಚಾಚಾ ಅವ್ವನನ್ನು ಕೂಗಿದರು: "ವೈನಿ, ಓಣ್ಯಾಗ ನೀರ್ ಹೊಕ್ಕಾದ್ರಿ! ಮಂದಿ ಮನಿ ಮಾಳಗಿ ಏರಾಕತ್ತಾರ!"

ಅವ್ವ ಒಂದು ಸಲ ಓಣಿಯ ಕಡೆ ನೋಡಿದಳು, ಒಂದು ಸಲ ಸೋಯಾದ ಕಡೆ. ಎಮ್ಮೆಗಳನ್ನು ಬಿಚ್ಚಿ ದಿಬ್ಬದ ಕಡೆ ಅಟ್ಟಿ, ಹೊಲದ ಕೊಟ್ಟಿಗೆಯಿಂದ ಗುದ್ದಲಿ, ಸಲಿಕೆ ತಂದು ಸಲಿಕೆಯನ್ನು ನನ್ನ ಕೈಗಿಟ್ಟಳು.

"ಒಡ್ಡು ಕಡಿಯೂಣು."

"ಅವ್ವಾ, ಬೆಳಿ?"

"ಬೆಳಿ ಹೋದ್ರ ಮತ್ತ ಬಿತ್ತೂಣು. ಓಣ್ಯಾಗ ಸಣ್ಣ ಸಣ್ಣ ಕೂಸುಗಳವ. ನೋಡ್ಕೋತ ನಿಂದರಬ್ಯಾಡ, ಮಣ್ಣು ತೆಗಿ."

ನಾವು ಕಡಿಯುವುದನ್ನು ಕಂಡು ಚಾಚಾ ಗಾಬರಿಯಾದರು. "ಏನ್ ಮಾಡಾಕತ್ತೀರಿ ವೈನಿ? ಬೆಳಿ ಪೂರಾ ಹೋಗ್ತದ್ರಿ!"

"ಗೊತ್ತದ ಭಾಯಿ. ನಿಮ್ಮ ಕಡಿಂದೂ ಕಡೀರಿ!"

ಅವರು ಹಿಂದಿರುಗಿ ನೋಡಿದರು. ಅವರ ಹೊಲದಲ್ಲಿ ಉದ್ದು ಕೊಯ್ಲಿಗೆ ಬಂದಿತ್ತು. ಆಮೇಲೆ ಲುಂಗಿ ಮೇಲಕ್ಕೆ ಕಟ್ಟಿ ಅವರೂ ಗುದ್ದಲಿ ಎತ್ತಿದರು.

ಸಣ್ಣ ಸಂದು ಬಿದ್ದದ್ದೇ ತಡ, ಉಳಿದ ಮಣ್ಣನ್ನು ನೀರೇ ಎಳೆದುಕೊಂಡು ಹೋಯಿತು. ಅವ್ವ ನನ್ನ ರಟ್ಟೆ ಹಿಡಿದು ದಿಬ್ಬದ ಕಡೆ ಎಳೆದಳು. ನಮ್ಮ ಕಣ್ಣೆದುರೇ ಸೋಯಾ ಮುಳುಗಿತು. ಓಣಿಯಲ್ಲಿ ಮೊಣಕಾಲಿನವರೆಗೆ ಏರಿದ್ದ ನೀರು ಅಲ್ಲಿಗೇ ನಿಂತು, ಮೆಲ್ಲಗೆ ಇಳಿಯತೊಡಗಿತು. ಕೆಲವು ಮಣ್ಣಿನ ಗೋಡೆಗಳು ಕುಸಿದವು, ಕಾಳಿನ ಚೀಲಗಳು ನೆನೆದವು. ಜೀವ ಒಂದೂ ಹೋಗಲಿಲ್ಲ.

ಬಸ್ಸು ನಿಂತುಹೋಗಿದ್ದರಿಂದ ಅಪ್ಪ ಸಂಜೆ ನಡೆದೇ ಬಂದ. ಅವ್ವ ಮುಚ್ಚುಮರೆ ಮಾಡಲಿಲ್ಲ. "ಒಡ್ಡು ನಾನೇ ಕಡದೀನಿ," ಎಂದಳು. ಅಪ್ಪ ಹೊಲಕ್ಕೆ ಹೋಗಿ ಕೆಂಪು ನೀರನ್ನು ನೋಡುತ್ತ ನಿಂತ. ಹಿಂದೆಯೇ ಹೋದ ನಾನು, ಈಗ ಬೈಯುತ್ತಾನೆ ಎಂದುಕೊಂಡು ಅವ್ವನ ಪಕ್ಕಕ್ಕೆ ಸರಿದೆ.

"ಓಣ್ಯಾಗ ಎಲ್ಲಾರೂ ಆರಾಮ ಅದಾರೇನು?" ಎಂದು ಕೇಳಿದ.

"ಅದಾರ."

"ಛಲೋ ಮಾಡಿದಿ. ಆ ಒಡ್ಡು ನಾ ಹಾಕಬಾರದಿತ್ತು."

ಅಪ್ಪ ಹಾಗೆ ಹೇಳಿದ್ದನ್ನು ನಾನು ಅದಕ್ಕೂ ಮೊದಲು ಎಂದೂ ಕೇಳಿರಲಿಲ್ಲ.

ಚಳಿಗಾಲದಲ್ಲಿ ಅಪ್ಪ ಮತ್ತು ಚಾಚಾ ಸೇರಿ ಉಳಿದ ಒಡ್ಡನ್ನೂ ಕಿತ್ತು, ಹಳ್ಳದ ಜಾಗವನ್ನು ಹಳ್ಳಕ್ಕೇ ಬಿಟ್ಟರು. ನೀರು ಓಡದೆ ಇಂಗಲೆಂದು ಅಲ್ಲಲ್ಲಿ ಕಲ್ಲಿನ ಗಿಡ್ಡ ತಡೆಗಳನ್ನು ಕಟ್ಟಿದರು. ಹಳ್ಳದ ಜಾಗ ನೀವೂ ಬಿಡಿ ಎಂದು ದಂಡೆಯ ಉಳಿದವರನ್ನು ಕೇಳಿದಾಗ, ಪಕ್ಕದ ಹೊಲದ ಕಬ್ಬಿನ ರೈತನೊಬ್ಬ ಮಾತ್ರ ಸಿಟ್ಟಾದ. "ನಿಮ್ಮ ಸೋಯಾ ಹೋಯ್ತಂತ ನನ್ನ ಕಬ್ಬೂ ಕೀಳಬೇಕೇನು?" ಎಂದ. ಅವ್ವ ಅವನ ಮನೆಗೆ ಹೋಗಿ ಚಹಾ ಕುಡಿದು ಬಂದಳು, ಮತ್ತೆ ಹೋದಳು, ಮತ್ತೂ ಹೋದಳು. ಅವನ ಹೆಂಡತಿ ನಮ್ಮ ಪರವಾದ ಮೇಲೆ ಅವನೂ ಒಪ್ಪಿದ. ಗ್ರಾಮಸಭೆಯಲ್ಲಿ ಓಣಿಯ ಹೆಂಗಸರು ಎದ್ದು ನಿಂತು, ನಮ್ಮ ಕಡೆಯ ದಿಬ್ಬದಲ್ಲಿ ಮುರುಮು ಅಗೆಯುವುದನ್ನು ನಿಲ್ಲಿಸಿದರು. ದಿಬ್ಬದ ಆಚೆ ಮಗ್ಗುಲಲ್ಲಿ ಇಂದಿಗೂ ಅಗೆಯುತ್ತಾರೆ. ಆ ಜಗಳ ಮುಗಿದಿಲ್ಲ.

ಮುಂದಿನ ಬೇಸಿಗೆಯಲ್ಲಿ ನಮ್ಮ ಬಾವಿ ಬತ್ತಲಿಲ್ಲ. ತುಂಬಿತ್ತು ಎನ್ನಲಾರೆ, ಆದರೆ ಹಗ್ಗ ಬಿಟ್ಟರೆ ಕೊಡ ಮುಳುಗುತ್ತಿತ್ತು. ಆ ವರ್ಷ ಟ್ಯಾಂಕರ್ ನಮ್ಮ ಮನೆಯ ಕಡೆಗೆ ಬರಬೇಕಾಗಲಿಲ್ಲ.

ಈಗ ನಾನು ಹುಮನಾಬಾದಿನಲ್ಲಿ ಮನೆ ಮಾಡಿದ್ದೇನೆ. ಮೋಡ ಕಪ್ಪಾದಾಗಲೆಲ್ಲ ಓಣಿಯವರು ಅವ್ವನ ಮೊಬೈಲಿಗೆ ಫೋನು ಮಾಡುತ್ತಾರೆ: "ಅಕ್ಕೋರೆ, ಹಳ್ಳ ಹ್ಯಾಂಗ ಅದ್ರಿ?" ಅವ್ವ ಕೊಡೆ ಬಿಚ್ಚಿ ದಂಡೆಗೆ ಹೋಗಿ, ಕಣ್ಣಾರೆ ನೋಡಿ ಬಂದೇ ಉತ್ತರ ಕೊಡುತ್ತಾಳೆ. ಯಾರಾದರೂ ನನ್ನನ್ನು ನೀನು ಯಾರ ಮಗಳು ಎಂದು ಕೇಳಿದರೆ, ಮೊದಲು ನನ್ನ ಬಾಯಿಗೆ ಬರುವುದು ಅವ್ವನ ಹೆಸರೇ.