ಜೀಪಿನಿಂದ ಇಳಿಯದ ದಿನ

ಶಹಾಪುರದ ಕಾಲುವೆ ಕಚೇರಿಯಲ್ಲಿ ನಾನು ಹಿರಿಯ ಎಂಜಿನಿಯರ್ ಆಗಿದ್ದಾಗ ಒಂದು ರೂಢಿಯಿತ್ತು. ಕೆಲಸಕ್ಕೆ ಹೊಸದಾಗಿ ಸೇರಿದವರನ್ನು ನೀರು ತಲುಪದ ಊರಿನ ರೈತರ ಮುಂದೆ ಒಬ್ಬರನ್ನೇ ನಿಲ್ಲಿಸಿ, ಹಿರಿಯರಾದ ನಾವು ಜೀಪಿನಲ್ಲೇ ಕೂರುತ್ತಿದ್ದೆವು. ಬೈಸಿಕೊಂಡರೆ ಗಟ್ಟಿಯಾಗುತ್ತಾರೆ ಎಂದು ನಂಬಿದ್ದೆವು. ಒಂದು ಸಲ ಹಾಗೆ ಬಂದವಳು ಇಪ್ಪತ್ತಮೂರು ವರ್ಷದ ಎಂಜಿನಿಯರ್.

“ನೀರ್ ಎಲ್ಲದಾವ್ರಿ ಮೇಡಂ? ನಿಮ್ಮ ಕಾಗದದಾಗ ಹರಿಯಾಕತ್ತಾವೇನು?” ಎಂದು ಕಾಲುವೆ ದಂಡೆಯ ಮೇಲೆ ನಿಂತಿದ್ದ ಒಬ್ಬ ರೈತ ಕೂಗಿದ. ಉಳಿದವರು ನಕ್ಕರು. ನೀರನ್ನು ಮೇಲಿನ ಊರಿಗೆ ತಿರುಗಿಸಿದ್ದವನು ನಾನು. ಅವಳು ಒಮ್ಮೆ ಜೀಪಿನ ಕಡೆ ನೋಡಿದಳು; ನಾನು ಫೈಲು ತೆರೆದೆ.

ವಾಪಸು ಬರುವಾಗ, “ನೀವು ಇಳೀತೀರಿ ಅಂತ ಮಾಡಿದ್ನಿರಿ ಸರ್,” ಎಂದಳು.

“ನನ್ನ ಸಲುವಾಗಿ ಯಾರ್ ಇಳಿದಿದ್ರವ್ವ?” ಎಂದೆ.

ತಿಂಗಳೊಳಗೆ ಅವಳು ಕೆಲಸ ಬಿಟ್ಟಳು. ಮುಂದಿನ ಹೊಸಬನ ಜೊತೆ ನಾನೂ ಇಳಿದು ಹೋದೆ. ಜೀಪಿನಿಂದ ಕಾಲುವೆ ದಂಡೆಗೆ ಇದ್ದದ್ದು ಇಪ್ಪತ್ತು ಹೆಜ್ಜೆ.